ಸ್ವಿಚ್ ಇತ್ತು, ಔಷಧಿ ಇರಲಿಲ್ಲ

ಹೆಬ್ಬೆರಳಿನ ಗಾಯದಿಂದ ಮೂರನೇ ದಿನವೂ ರಕ್ತ ಒಸರುತ್ತಿತ್ತು.

ದೊಡ್ಡ ಗಾಯವೇನಲ್ಲ. ಕಳೆ ಹೊಡೆಯುವ ಮೆಷಿನ್ನಿನ ಬ್ಲೇಡ್ ಬಿಚ್ಚುವಾಗ ತಗುಲಿದ್ದು. ನನ್ನ ತಮ್ಮ ಗಿರೀಶನಿಗೆ ಅಂಥವು ವಾರಕ್ಕೊಂದು ಆಗುತ್ತಿದ್ದವು. ಶನಿವಾರಸಂತೆ ಅನ್ನುವ ಊರಿನಲ್ಲಿ ಅವನದು ರಿಪೇರಿ ಅಂಗಡಿ. ಸ್ಪ್ರೇಯರ್, ಪಂಪ್‌ಸೆಟ್, ಮರ ಕುಯ್ಯುವ ಮೆಷಿನ್, ಸುತ್ತಲಿನ ಎಸ್ಟೇಟುಗಳಿಂದ ಏನು ಕೆಟ್ಟು ಬಂದರೂ ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂರುವವನು. ಕೈ ಕುಯ್ದರೆ ಕೈಗೆ ಸಿಕ್ಕಿದ ಬಟ್ಟೆ ಸುತ್ತಿ ಕೆಲಸ ಮುಂದುವರಿಸುತ್ತಿದ್ದ. ಈ ಸಲ ಬಟ್ಟೆ ಮತ್ತೆ ಮತ್ತೆ ನೆನೆಯಿತು.

"ಒಸಡಲ್ಲೂ ಬತ್ತಾ ಅದೆ ಅಕ್ಕ," ಅಂದ. ನಗುತ್ತಲೇ ಅಂದ. ಹಲ್ಲಿನ ಸಂದಿಯೆಲ್ಲ ಕೆಂಪಗಿತ್ತು.

ಊರಿನ ಡಾಕ್ಟರು ಡೆಂಗ್ಯೂ ಇರಬಹುದು ಅಂದರು. ಪ್ಲೇಟ್‌ಲೆಟ್ ಕಡಿಮೆ ಇತ್ತು. ಗಿರೀಶನ ಹೆಂಡತಿ ಶೈಲಾ ಪಪಾಯ ಎಲೆ ಅರೆದು ರಸ ಕುಡಿಸಿದಳು. ಐದು ದಿನ ಕುಡಿದ. ಆರನೇ ದಿನ ತೊಡೆಯ ಮೇಲೆ ಅಂಗೈಯಗಲದ ಕಪ್ಪು ಕಲೆ ಎದ್ದಿತು. ಎಲ್ಲೂ ಬಿದ್ದಿರಲಿಲ್ಲ, ಯಾವುದಕ್ಕೂ ಬಡಿದುಕೊಂಡಿರಲಿಲ್ಲ. ಹಾಸನಕ್ಕೆ ಕರೆದುಕೊಂಡು ಹೋದೆವು. ಅಲ್ಲಿನ ಲ್ಯಾಬಿನವರು ಒಮ್ಮೆ ರಕ್ತ ತೆಗೆದು, ಅರ್ಧ ಗಂಟೆ ಬಿಟ್ಟು ಎರಡನೇ ಸಲ ತೆಗೆದರು. ಡಾಕ್ಟರು ನಮ್ಮನ್ನು ಕೂರಿಸಲಿಲ್ಲ. ತಾವೂ ನಿಂತುಕೊಂಡೇ ಹೇಳಿದರು. ಇವತ್ತೇ ಬೆಂಗಳೂರಿಗೆ ಹೊರಡಿ.

ಲುಕೇಮಿಯಾ.

ನಾನು ಯಾರು ಅಂತ ಇಲ್ಲಿ ಹೇಳಬೇಕು. ನನ್ನ ಹೆಸರು ಸರ್ವಮಂಗಳ. ಸೋಮವಾರಪೇಟೆಯಲ್ಲಿ ಪತ್ರ ಬರೆಯುವ ಕೆಲಸ ನನ್ನದು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ. ಇಪ್ಪತ್ತೊಂದು ವರ್ಷದಿಂದ ಒಂದೇ ಮೇಜು, ಒಂದೇ ಕುರ್ಚಿ. ಅಮ್ಮ ತೀರಿಕೊಂಡಾಗ ಗಿರೀಶನಿಗೆ ಏಳು ವರ್ಷ, ನನಗೆ ಹದಿನೆಂಟು. ಅವನ ಸ್ಲೇಟು ಒರೆಸಿದ್ದರಿಂದ ಹಿಡಿದು ಹೆಣ್ಣು ನೋಡಿದ್ದರ ತನಕ ಎಲ್ಲ ನಾನೇ ಮಾಡಿದ್ದು. ಆದ್ದರಿಂದ ಆಸ್ಪತ್ರೆಯಲ್ಲಿ "ಪೇಷಂಟಿಗೆ ನೀವು ಏನಾಗಬೇಕು" ಅಂತ ಯಾರಾದರೂ ಕೇಳಿದಾಗ "ಅಕ್ಕ" ಅನ್ನುವ ಉತ್ತರ ನನಗೇ ಸ್ವಲ್ಪ ಕಡಿಮೆ ಅನ್ನಿಸುತ್ತಿತ್ತು.

ಬೆಂಗಳೂರಿನ ಆ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಲ್ಲಿ ಅವನ ಜೀವ ಉಳಿದಿದೆ. ಅಲ್ಲೇ ಅವನ ಚರ್ಮ ಸುಲಿದದ್ದೂ ಹೌದು. ಎರಡೂ ನಿಜವಾದ್ದರಿಂದ ಹೆಸರು ಬೇಡ.

ಮೊದಲು ಕಿಮೊಥೆರಪಿ. ಕೂದಲು ಹೋಯಿತು, ಅದಕ್ಕೆ ಯಾರೂ ಅಳಲಿಲ್ಲ. ನಾಲಿಗೆ ಹುಣ್ಣಾಗಿ ನೀರು ಕುಡಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದನಲ್ಲ, ಅದನ್ನು ನೋಡಲು ಆಗುತ್ತಿರಲಿಲ್ಲ. ಶೈಲಾ ಮಗಳನ್ನು ತವರಿನಲ್ಲಿ ಬಿಟ್ಟು ಬಂದಳು. ನಾನು ನನ್ನ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಂದೆ. ನಮ್ಮನೆಯವರು ಕಾಫಿ ಪಿಕ್ಕಿಂಗ್ ಬಿಟ್ಟು ಬರುವ ಹಾಗಿರಲಿಲ್ಲ. ಹಗಲೆಲ್ಲ ತೋಟ, ಆಮೇಲೆ ಅಡುಗೆ. ಸಾರಿಗೆ ಉಪ್ಪೆಷ್ಟು ಅಂತ ನನಗೆ ಫೋನ್ ಮಾಡಿ ಕೇಳುತ್ತಿದ್ದರು. ಆಸ್ಪತ್ರೆ ಹತ್ತಿರದ ಬಾಡಿಗೆ ಕೋಣೆಯಲ್ಲಿ ನಾನು ಮತ್ತು ಶೈಲಾ ಸರದಿಯ ಮೇಲೆ ಮಲಗಿ ಏಳುತ್ತಾ ಆರು ತಿಂಗಳು ಕಳೆದೆವು.

ರೋಗ ಹೋಯಿತು ಅಂದರು. ಹೋದದ್ದು ತಿರುಗಿ ಬರುವ ಜಾತಿಯದು ಅಂತಲೂ ಅಂದರು. ಮಜ್ಜೆಯ ಟ್ರಾನ್ಸ್‌ಪ್ಲಾಂಟ್ ಆಗಲೇಬೇಕು. ಪೂರ್ತಿ ಹೊಂದುವ ಡೋನರ್ ಎಲ್ಲೂ ಸಿಗಲಿಲ್ಲ. ನಾನು ಅರ್ಧ ಹೊಂದಿದೆ.

ಅಲ್ಲಿ ಹೊಸ ಚಿಕಿತ್ಸೆಯೊಂದರ ಟ್ರಯಲ್ಲಿನ ಮಾತು ಬಂತು. ಕೋಆರ್ಡಿನೇಟರ್ ಒಬ್ಬಳು ನಮ್ಮನ್ನು ಚಿಕ್ಕ ಕೋಣೆಯಲ್ಲಿ ಕೂರಿಸಿ ವಿವರಿಸಿದಳು. ಡೋನರ್ ಅರ್ಧವೇ ಹೊಂದಿದಾಗ, ಡೋನರಿನ ಟಿ ಸೆಲ್ಸ್, ಅಂದರೆ ಸೋಂಕು ಮತ್ತು ಕ್ಯಾನ್ಸರಿನ ಜೊತೆ ಹೊಡೆದಾಡುವ ಜೀವಕೋಶಗಳು, ರೋಗಿಯ ಮೈಯನ್ನೇ ಹೊರಗಿನವರ ಮೈ ಅಂದುಕೊಂಡು ಸುಡುತ್ತವಂತೆ. ಅವನ್ನು ತೆಗೆದುಹಾಕಿ ಕೊಟ್ಟರೆ ಸುಡುವುದಿಲ್ಲ, ಆದರೆ ಕಾವಲಿಗೂ ಯಾರೂ ಇರುವುದಿಲ್ಲ. ಸಣ್ಣ ನೆಗಡಿಯೂ ಪ್ರಾಣ ತೆಗೆಯಬಹುದು. ಅದಕ್ಕೇ ಈ ಹೊಸ ದಾರಿ. ನನ್ನ ಟಿ ಸೆಲ್ಸ್ ತೆಗೆದು ಲ್ಯಾಬಿನಲ್ಲಿ ಅವುಗಳೊಳಗೆ ಒಂದು ಜೀನ್ ಸೇರಿಸುತ್ತಾರೆ. ಆಮೇಲೆ ಗಿರೀಶನಿಗೆ ಕೊಡುತ್ತಾರೆ. ಕಾವಲು ಕಾಯುತ್ತವೆ.

"ತಿರುಗಿ ಬಿದ್ದರೆ?" ಅಂತ ಕೇಳಿದೆ.

"ಅದಕ್ಕೇ ಮೇಡಂ ಸೇಫ್ಟಿ ಸ್ವಿಚ್. ಒಂದು ಇಂಜೆಕ್ಷನ್ ಕೊಟ್ಟರೆ ಆ ಸೆಲ್ಸ್ ತಾವಾಗೇ ಸಾಯುತ್ತವೆ. ಆಫ್." ಚಿಟಿಕೆ ಹೊಡೆದಳು.

ಗಿರೀಶನ ಮುಖ ಅರಳಿತು. ಎಷ್ಟೋ ತಿಂಗಳ ಮೇಲೆ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಯಾರೋ ಮಾತಾಡಿದ್ದರು. "ಇದು ಕರೆಕ್ಟು ಕಣಕ್ಕ. ಓಡೋ ಮೆಷಿನ್ನಿಗೆ ಆಫ್ ಬಟನ್ ಇರ್ಲೇಬೇಕು," ಅಂದ.

ಅವನದು ಮೂವತ್ತೆಂಟು ಪುಟದ ಫಾರಂ, ಇಂಗ್ಲಿಷಿನಲ್ಲಿ. ಕನ್ನಡದ್ದು ತಯಾರಾಗುತ್ತಿದೆ ಅಂದಳು. ಡೋನರ್ ಅಂತ ನನಗೆ ಬೇರೆ, ನಾಲ್ಕೇ ಪುಟ. ಇಪ್ಪತ್ತೊಂದು ವರ್ಷದಿಂದ ಎದುರಿಗೆ ಕೂತವರಿಗೆಲ್ಲ ಓದಿ ಹೇಳಿ, ತಿಳಿಯಿತಾ ಅಂತ ಎರಡು ಸಲ ಕೇಳಿ, ಆಮೇಲೇ ಪೆನ್ನು ಕೊಡುವ ನಾನು ಆ ದಿನ ಏನು ಮಾಡಿದೆ?

ಓದದೆ ಸಹಿ ಹಾಕಿದೆ. ಗಿರೀಶನ ಕೈಯಲ್ಲೂ ಹಾಕಿಸಿದೆ.

ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಆದರೆ ಅದಕ್ಕಿಂತ ದೊಡ್ಡ ಸಿಟ್ಟು, ಓದಲಾಗದ ಸ್ಥಿತಿಯಲ್ಲಿರುವವರ ಮುಂದೆ ಮೂವತ್ತೆಂಟು ಪುಟ ಇಟ್ಟು ಬೆರಳಿನಿಂದ ಜಾಗ ತೋರಿಸುವವರ ಮೇಲೆ ಇದೆ.

ಎರಡೂ ತೋಳಿಗೆ ಸೂಜಿ ಚುಚ್ಚಿ ನನ್ನನ್ನು ಮೆಷಿನ್ನಿಗೆ ಜೋಡಿಸಿದರು. ಒಂದು ಕಡೆಯಿಂದ ರಕ್ತ ಹೋಗುವುದು, ಬೇಕಾದ್ದು ತೆಗೆದುಕೊಂಡು ಇನ್ನೊಂದು ಕಡೆಯಿಂದ ವಾಪಸು. ತುಟಿ ಜುಮ್ಮೆನ್ನುತ್ತಿತ್ತು. ಕ್ಯಾಲ್ಸಿಯಂ ಮಾತ್ರೆ ಕೊಟ್ಟರು. ನಾಲ್ಕು ಗಂಟೆ ಅಲುಗಾಡದೆ ಮಲಗಿದ್ದೆ. ಸ್ಟೆಮ್ ಸೆಲ್ಸ್, ಅಂದರೆ ರಕ್ತ ಹುಟ್ಟಿಸುವ ಮಜ್ಜೆಯ ಕೋಶಗಳು, ಒಂದು ದಿನ, ಟಿ ಸೆಲ್ಸ್ ಇನ್ನೊಂದು ದಿನ. ಕೊಟ್ಟ ಮೇಲೆ ಒಂದು ಪ್ಯಾಕೆಟ್ ಬಿಸ್ಕತ್ತು, ಒಂದು ಹಣ್ಣಿನ ರಸ. ಅಲ್ಲಿಗೆ ಆಸ್ಪತ್ರೆಯ ಲೆಕ್ಕದಲ್ಲಿ ನನ್ನ ಕೆಲಸ ಮುಗಿಯಿತು.

ಟ್ರಾನ್ಸ್‌ಪ್ಲಾಂಟ್ ಆಯಿತು. ನನ್ನ ಮಜ್ಜೆ ಅವನ ಮೂಳೆಯೊಳಗೆ ಹಿಡಿದುಕೊಂಡಿತು. ಕೆಲವು ವಾರಗಳ ಮೇಲೆ, ಹೆಪ್ಪುಗಟ್ಟಿಸಿ ಇಟ್ಟಿದ್ದ ಟಿ ಸೆಲ್ಸಿನ ಚಿಕ್ಕ ಬ್ಯಾಗು ಬಂತು. ಅದರಲ್ಲಿರುವ ರಾಸಾಯನಿಕದಿಂದ ಹಾಗಾಗುತ್ತದಂತೆ, ಡ್ರಿಪ್ ಹಾಕಿದ ಐದು ನಿಮಿಷಕ್ಕೆ ಅವನ ಉಸಿರೆಲ್ಲ ಬೆಳ್ಳುಳ್ಳಿ ವಾಸನೆ. "ಅಕ್ಕನ ಒಗ್ಗರಣೆ," ಅಂದ ಗಿರೀಶ. ನರ್ಸ್ ನಕ್ಕಳು. ಶೈಲಾ ನಕ್ಕಳು. ಎಷ್ಟೋ ದಿನಗಳ ಮೇಲೆ ಒಟ್ಟಿಗೆ ನಕ್ಕೆವು.

ಹದಿನೇಳನೇ ದಿನ ಅಂಗೈ ಉರಿ ಶುರುವಾಯಿತು.

ಸುಣ್ಣ ತಾಗಿದ ಹಾಗೆ ಆಗ್ತದೆ ಅಂದ. ಅಂಗೈ ನೋಡಿದರೆ ಕೆಂಪು ಚುಕ್ಕಿ. ಓಪಿಡಿಯಲ್ಲಿದ್ದ ಡ್ಯೂಟಿ ಡಾಕ್ಟರು ಯಾವುದೋ ಮಾತ್ರೆಯ ಅಲರ್ಜಿ ಇರಬಹುದು, ಕ್ಯಾಲಮೈನ್ ಹಚ್ಚಿ ಅಂದರು. ಹಚ್ಚಿದೆವು. ಮಾರನೇ ದಿನ ಕಿವಿ, ಕತ್ತು, ಎದೆ. ಅಂಗಾಲು ಊರಲಾಗಲಿಲ್ಲ. ಆಮೇಲೆ ಅಡ್ಮಿಟ್, ಚರ್ಮದ ಬಯಾಪ್ಸಿ. ನಮ್ಮ ಕೇಸ್ ನೋಡುತ್ತಿದ್ದ ದೊಡ್ಡ ಡಾಕ್ಟರು ರೌಂಡ್ಸಿನಲ್ಲಿ ಬಂದು, "ಜಿವಿಹೆಚ್‌ಡಿ" ಅಂದರು. ನನ್ನ ಕಡೆ ತಿರುಗಿ, "ನಿಮ್ಮ ಸೆಲ್ಸ್ ಅಟ್ಯಾಕ್ ಮಾಡ್ತಾ ಇವೆ" ಅಂದರು.

ನಿಮ್ಮ ಸೆಲ್ಸ್.

ಅವರೇನೂ ಕೆಟ್ಟದಾಗಿ ಹೇಳಲಿಲ್ಲ. ಆದರೆ ಆ ಎರಡು ಪದ ಎದೆಯ ಮೇಲೆ ಕೂತುಬಿಟ್ಟವು. ನಾನು ಎತ್ತಿ ಆಡಿಸಿದ ಮೈ ಅದು. ಬೆನ್ನಿನ ಮಚ್ಚೆ ಎಲ್ಲಿದೆ ಅಂತ ಶೈಲಾಗಿಂತ ಮೊದಲು ಗೊತ್ತಿದ್ದವಳು ನಾನು. ಈಗ ಆ ಬೆನ್ನಿನ ಚರ್ಮ ಬೆಂದ ಗೆಣಸಿನ ಸಿಪ್ಪೆಯಂತೆ ಏಳುತ್ತಿತ್ತು, ಏಳಿಸುತ್ತಿದ್ದದ್ದು ನಾನು. ಊರಿನಿಂದ ನಮ್ಮ ಸೋದರತ್ತೆ ಫೋನ್ ಮಾಡಿ, "ಅಕ್ಕನ ರಕ್ತ ತಮ್ಮಂಗೆ ಆಗಿಬರ್ನಿಲ್ವಂತೆ ಕಣೆ. ಮದ್ಲೇ ಯಾರ್ನಾರ ಕೇಳ್ಬಾರ್ದಿತ್ತಾ?" ಅಂದರು. ಯಾರನ್ನು ಕೇಳಬೇಕಿತ್ತು ಅತ್ತೆ ಅಂದೆ. ಫೋನ್ ಇಟ್ಟುಬಿಟ್ಟೆ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಸ್ಟೆರಾಯ್ಡ್ ಶುರು ಮಾಡಿದರು. ಎರಡು ದಿನ ನೋಡೋಣ ಅಂದರು. ಎರಡು ದಿನದಲ್ಲಿ ಭೇದಿ ಶುರುವಾಯಿತು, ಹಸಿರು ನೀರು. ಕಣ್ಣು ಹಳದಿ. ಇನ್ನೂ ನೋಡೋಣ ಅಂದರು.

ಶುಕ್ರವಾರ ಬೆಳಗ್ಗೆ ವಾರ್ಡಿನಲ್ಲಿದ್ದ ಡ್ಯೂಟಿ ಡಾಕ್ಟರನ್ನು ಕೇಳಿದೆ. "ಸ್ವಿಚ್ ಇದೆ ಅಂದಿದ್ದರಲ್ಲ ಡಾಕ್ಟ್ರೇ, ಅದನ್ನ ಯಾವಾಗ ಕೊಡ್ತೀರಿ?"

"ಯಾವ ಸ್ವಿಚ್?" ಅಂದರು.

ಅವರದು ತಪ್ಪಿಲ್ಲ. ಆ ವಾರವಷ್ಟೇ ಆ ವಾರ್ಡಿಗೆ ಬಂದಿದ್ದರು. ಆದರೆ ನನ್ನ ತಮ್ಮನ ಮೈಯಲ್ಲಿ ಏನಿದೆ ಅಂತ ಅವನ ಮಂಚದ ಪಕ್ಕ ನಿಂತ ಡಾಕ್ಟರಿಗೆ ತಿಳಿಸಿಲ್ಲದವರದು ತಪ್ಪಲ್ಲವೇ?

ಕೋಆರ್ಡಿನೇಟರನ್ನು ಹುಡುಕಿಕೊಂಡು ಮೂರನೇ ಮಹಡಿಗೆ ಹೋದೆ. ಅವಳು ಕಂಪ್ಯೂಟರಿನಿಂದ ತಲೆ ಎತ್ತಿ, "ಮೇಡಂ, ನೀವು ಡೋನರ್ ಅಷ್ಟೇ. ಪೇಷಂಟ್ ಬಗ್ಗೆ ಅವರ ವೈಫ್ ಹತ್ತಿರ ಮಾತಾಡ್ತೀವಿ," ಅಂದಳು.

"ಆ ಸೆಲ್ಸ್ ನಂದು. ಸುಡ್ತಾ ಇರೋದು ನಂದು. ನನ್ನ ಹತ್ರಾನೂ ಮಾತಾಡಿ."

ನನ್ನ ದನಿ ಏರಿತ್ತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಆಗ ಹೇಳಿದಳು. ಇಂಜೆಕ್ಷನ್ ಕೊಡಲು ಟ್ರಯಲ್ ನಡೆಸುವ ಕಂಪನಿಯ ಅನುಮತಿ ಬೇಕು. ಅನುಮತಿ ಕೊಡುವವರು ಬೇರೆ ದೇಶದಲ್ಲಿದ್ದಾರೆ. ಮೇಲ್ ಹಾಕಿದ್ದೇವೆ. ಬಹುಶಃ ಸೋಮವಾರ.

"ಸೋಮವಾರ ಹೂಂ ಅಂದ ತಕ್ಷಣ ಕೊಡ್ತೀರಲ್ಲ?"

ಅವಳು ಪೆನ್ನಿನ ಮುಚ್ಚಳ ತೆಗೆದು ಹಾಕಿದಳು. ಆಮೇಲೆ ಸಣ್ಣ ದನಿಯಲ್ಲಿ, "ಸ್ಟಾಕ್ ತರಿಸಬೇಕು ಮೇಡಂ," ಅಂದಳು.

ಔಷಧಿ ಆಸ್ಪತ್ರೆಯಲ್ಲೇ ಇರಲಿಲ್ಲ.

ಇದ್ದ ಬಾಟಲಿಗಳ ಅವಧಿ ಮುಗಿದಿತ್ತಂತೆ. ಹೊಸದು ಬರಬೇಕಿತ್ತಂತೆ. ಬರುತ್ತದೆ ಅನ್ನುವ ನಂಬಿಕೆಯ ಮೇಲೆ ನನ್ನ ಸೆಲ್ಸ್ ಅವನ ಮೈಗೆ ಬಿಟ್ಟುಬಿಟ್ಟಿದ್ದರು. ಅಷ್ಟು ಸಿಟ್ಟು ನನ್ನೊಳಗೆ ಇದೆ ಅಂತ ನನಗೇ ಗೊತ್ತಿರಲಿಲ್ಲ.

ಗಿರೀಶನಿಗೆ ಹೇಳಬೇಕೋ ಬೇಡವೋ ಅಂತ ಶೈಲಾ ಹೆದರಿದಳು. ನಾನು ಹೇಳಿದೆ. ಅವನ ಮೈ ಅದು. ತುಟಿ ಒಡೆದಿದ್ದರಿಂದ ಮಾತು ತಡವರಿಸುತ್ತಿತ್ತು. ಎಲ್ಲ ಕೇಳಿಸಿಕೊಂಡ.

"ಮೆಷಿನ್ನಲ್ಲಿ ಹೊಗೆ ಬತ್ತಾ ಇರುವಾಗ ನಾನು ಕಂಪ್ನಿಗೆ ಫೋನ್ ಮಾಡಿ ಆಫ್ ಮಾಡ್ಲಾ ಅಂತ ಕೇಳ್ತೀನಾ ಅಕ್ಕ?" ಅಂದ.

ಶೈಲಾಳ ಬ್ಯಾಗಿನಲ್ಲಿ, ರಿಪೋರ್ಟುಗಳ ಅಡಿಯಲ್ಲಿ, ಆ ಮೂವತ್ತೆಂಟು ಪುಟದ ಫಾರಂನ ಪ್ರತಿ ಇತ್ತು. ಶನಿವಾರ ಬೆಳಗ್ಗೆ ಎಂಟಕ್ಕೆ ವಾರ್ಡಿನ ಹೊರಗಿನ ಕಬ್ಬಿಣದ ಕುರ್ಚಿಯ ಮೇಲೆ ಕೂತೆ. ಪೆನ್ಸಿಲು, ಫೋನಿನಲ್ಲಿ ಡಿಕ್ಷನರಿ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೆ ದಸ್ತಾವೇಜು ಓದುವುದಕ್ಕೆ ಭಾಷೆಗಿಂತ ಬೇರೆ ಒಂದು ಅಭ್ಯಾಸ ಬೇಕು. ಯಾರು, ಯಾರಿಗೆ, ಏನು, ಯಾವಾಗ, ಮಾಡದಿದ್ದರೆ ಏನು. ಎಲ್ಲ ಪತ್ರದಲ್ಲೂ ಈ ಐದೇ ಇರುವುದು. ಜಮೀನಿನ ನಾಲ್ಕು ದಿಕ್ಕಿನ ಚಕ್ಕುಬಂದಿ ಹುಡುಕಿದ ಹಾಗೆ ಸಾಲು ಸಾಲು ಹುಡುಕಿದೆ. ಶೈಲಾ ಎರಡು ಸಲ ಬಂದು ಕಾಫಿ ಇಟ್ಟು ಹೋದಳು. ಎರಡೂ ಆರಿಹೋದವು.

ಇಪ್ಪತ್ತಾರನೇ ಪುಟದಲ್ಲಿ ಸಿಕ್ಕಿತು. ಅದನ್ನು ಓದುತ್ತಿದ್ದ ಹಾಗೇ ನನ್ನ ಮನಸ್ಸು ನನ್ನ ಕಸುಬಿನ ಕನ್ನಡಕ್ಕೆ ತಿರುಗಿಸಿಕೊಂಡಿತು: ಸದರಿ ಜೀವಕೋಶಗಳನ್ನು ರೋಗಿಗೆ ನೀಡುವ ಮುಂಚಿತವಾಗಿ ಸದರಿ ಔಷಧಿಯನ್ನು ಚಿಕಿತ್ಸಾ ಕೇಂದ್ರದಲ್ಲಿ ದಾಸ್ತಾನು ಇಟ್ಟಿರತಕ್ಕದ್ದು. ಅದರ ಕೆಳಗೇ ಇನ್ನೊಂದು: ರೋಗಿಯ ಪ್ರಾಣಕ್ಕೆ ಅಪಾಯವಿದ್ದಲ್ಲಿ ಮುಖ್ಯ ವೈದ್ಯರು ಪೂರ್ವಾನುಮತಿಗೆ ಕಾಯದೆ ಔಷಧಿ ನೀಡಬಹುದು, ತರುವಾಯ ಕಂಪನಿಗೆ ತಿಳಿಸತಕ್ಕದ್ದು.

ಅನುಮತಿಯೇ ಬೇಕಾಗಿರಲಿಲ್ಲ. ಸೋಮವಾರದ ತನಕ ಕಾಯಬೇಕಾಗಿರಲಿಲ್ಲ. ಅವರೇ ಬರೆದದ್ದು. ಅವರೇ ಓದಿರಲಿಲ್ಲ.

ಕೊನೆಯ ಪುಟದಲ್ಲಿ, ಟ್ರಯಲ್ ಸರಿಯಾಗಿ ನಡೆಯುತ್ತಿದೆಯೇ ಅಂತ ನೋಡುವ ಎಥಿಕ್ಸ್ ಕಮಿಟಿಯ ಕಾರ್ಯದರ್ಶಿಯ ಫೋನ್ ನಂಬರ್ ಇತ್ತು. ತೊಂದರೆಯಾದರೆ ಯಾರು ಬೇಕಾದರೂ ಕರೆ ಮಾಡಬಹುದು ಅಂತ ಬರೆದಿತ್ತು. ಶನಿವಾರ ಯಾರು ಎತ್ತುತ್ತಾರೆ ಅಂದುಕೊಂಡೇ ಮಾಡಿದೆ. ವಯಸ್ಸಾದ ಹೆಂಗಸಿನ ದನಿ. ಕುಕ್ಕರ್ ಕೂಗುವುದು ಕೇಳುತ್ತಿತ್ತು. ನಾನು ಅಳಬಾರದು ಅಂತ ಗಟ್ಟಿ ಮಾಡಿಕೊಂಡು ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ.

"ಎಷ್ಟನೇ ಪುಟ ಅಂದ್ರಿ?" ಅಂದರು.

"ಇಪ್ಪತ್ತಾರು. ಮೇಲಿಂದ ಎರಡನೇ ಪ್ಯಾರಾ."

"ಒಂದು ನಿಮಿಷ ಇರಿ." ಕಾಗದ ತಿರುವುವ ಸದ್ದು. ಕುಕ್ಕರ್ ಇನ್ನೊಮ್ಮೆ ಕೂಗಿತು. "ನೀವು ಏನ್ ಕೆಲಸ ಮಾಡ್ತೀರಿ?"

"ಪತ್ರ ಬರೀತೀನಿ ಮೇಡಂ. ಸೋಮವಾರಪೇಟೇಲಿ."

"ಅಲ್ಲೇ ಇರಿ. ಎಲ್ಲೂ ಹೋಗ್ಬೇಡಿ," ಅಂದರು.

ಮುಕ್ಕಾಲು ಗಂಟೆಯೊಳಗೆ ದೊಡ್ಡ ಡಾಕ್ಟರು ಬಂದರು. ಶನಿವಾರ ಅವರು ಬರುವ ದಿನವಲ್ಲ. ಮುಖ ಗಂಟಿಕ್ಕಿತ್ತು. ನಮ್ಮನ್ನು ಕೋಣೆಗೆ ಕರೆದು, ಇಂಗ್ಲಿಷಿನಲ್ಲಿ ಶುರು ಮಾಡಿ, ಆಮೇಲೆ ಕನ್ನಡಕ್ಕೆ ಬಂದರು.

"ನೋಡಿ ಅಮ್ಮ, ಇದು ಆಟದ ಸಾಮಾನಲ್ಲ. ಆ ಸೆಲ್ಸ್ ಸಾಯಿಸಿದರೆ ಕಾವಲೂ ಹೋಗುತ್ತೆ. ಕಾಯಿಲೆ ವಾಪಸು ಬರೋ ಅಪಾಯ ಜಾಸ್ತಿ ಆಗಬಹುದು. ಸ್ಟೆರಾಯ್ಡಿಗೆ ಇನ್ನೂ ಸ್ವಲ್ಪ ಟೈಂ ಕೊಡೋದ್ರಲ್ಲಿ ಅರ್ಥ ಇದೆ."

"ಇದನ್ನ ನಿನ್ನೆ ಹೇಳಬಹುದಿತ್ತಲ್ಲ ಸರ್," ಅಂದೆ. "ಮೇಲ್ ಹಾಕಿದ್ದೀವಿ ಅಂದರು. ಸ್ಟಾಕ್ ಇಲ್ಲ ಅಂದರು. ಈಗ ನೀವು ಟೈಂ ಕೊಡೋಣ ಅಂತೀರಿ. ನೀವು ಕಾಯ್ತಾ ಇರೋದು ಸ್ಟೆರಾಯ್ಡಿಗಾ, ಅನುಮತಿಗಾ, ಔಷಧಿಗಾ? ಒಂದು ಹೇಳಿ."

ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಆಮೇಲೆ, "ಔಷಧಿಗೆ," ಅಂದರು.

ಆ ಒಂದು ಮಾತಿಗೆ ಅವರ ಮೇಲೆ ನನಗೆ ಇವತ್ತಿಗೂ ಗೌರವ ಇದೆ. ಅದು ಅಷ್ಟು ತಡವಾಗಿ ಬಂತಲ್ಲ ಅನ್ನುವ ಸಿಟ್ಟೂ ಇದೆ. ಎರಡನ್ನೂ ಕೂಡಿಸಿ ಒಂದು ಮಾಡಲು ನನಗೆ ಬರುವುದಿಲ್ಲ.

ಬೇರೆ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಔಷಧಿ ಇತ್ತು. ಅದೇ ಮಧ್ಯಾಹ್ನ ಅಲ್ಲಿಂದ ಕಳಿಸಲು ಏರ್ಪಾಡಾಯಿತು. ಒಂದು ಫೋನ್ ಕರೆಯಿಂದ ಆಗುವ ಕೆಲಸ ಅದು. ಒಂದೇ ಕರೆ. ಆ ಕರೆ ಮಾಡಿಸಲು ಶನಿವಾರಸಂತೆಯ ರಿಪೇರಿ ಅಂಗಡಿಯವನ ಅಕ್ಕ ಮೂವತ್ತೆಂಟು ಪುಟ ಇಂಗ್ಲಿಷು ಓದಬೇಕಾಯಿತು. ಓದು ಬಾರದ ಅಕ್ಕ ಆಗಿದ್ದರೆ? ಎಸ್ಟೇಟಿನ ಲೈನ್ ಮನೆಯಲ್ಲಿರುವ ಯಾರಾದರೂ ಕೂಲಿ ಕೆಲಸದವಳಾಗಿದ್ದರೆ? ಆ ಪ್ರಶ್ನೆ ಬಂದಾಗಲೆಲ್ಲ ನನಗೆ ಕೂರಲಾಗುವುದಿಲ್ಲ, ಎದ್ದು ನಾಲ್ಕು ಹೆಜ್ಜೆ ಓಡಾಡುತ್ತೇನೆ.

ಭಾನುವಾರ ಬೆಳಗ್ಗೆ, ಔಷಧಿ ದಾರಿಯಲ್ಲಿರುವಾಗ, ಡಾಕ್ಟರ್ ನಂದಿನಿ ಅನ್ನುವ ಚಿಕ್ಕ ವಯಸ್ಸಿನ ಡಾಕ್ಟರು ಬಂದು ಗಿರೀಶನ ಮಂಚದ ಪಕ್ಕ ಸ್ಟೂಲ್ ಎಳೆದು ಕೂತರು. ಅಷ್ಟು ತಿಂಗಳಲ್ಲಿ ಅವನ ಪಕ್ಕ ಕೂತುಕೊಂಡು ಮಾತಾಡಿದ ಮೊದಲ ಡಾಕ್ಟರು ಅವರು. ಎರಡು ಕೈಗಳನ್ನು ದೂರ ಹಿಡಿದು ತೋರಿಸಿದರು. ನಾವು ಸೇರಿಸಿದ ಜೀನ್ ಪ್ರತಿ ಸೆಲ್ಲಿನಲ್ಲೂ ಒಂದು ಪ್ರೋಟೀನ್ ಮಾಡಿ ಇಟ್ಟಿರುತ್ತದೆ. ಬಿಡಿಬಿಡಿಯಾಗಿದ್ದರೆ ಅದು ಏನೂ ಮಾಡುವುದಿಲ್ಲ. ಈ ಔಷಧಿ ಕೊಂಡಿಯ ಹಾಗೆ ಬಂದು ಎರಡೆರಡನ್ನು ಜೋಡಿಸುತ್ತದೆ. ಕೈ ಜೋಡಿಸಿದರು. ಜೋಡಿಯಾದ ಕ್ಷಣ ಸೆಲ್ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಕೆರಳಿ ಸುಡುತ್ತಿರುವ ಸೆಲ್ಸಿನಲ್ಲಿ ಈ ಪ್ರೋಟೀನ್ ಜಾಸ್ತಿ, ಅವೇ ಮೊದಲು ಸಾಯುತ್ತವೆ. ಸುಮ್ಮನೆ ಕೂತಿರುವ ಕೆಲವು ಉಳಿದುಕೊಳ್ಳಬಹುದು. ಕಾವಲು ಪೂರ್ತಿ ಹೋಗಲಿಕ್ಕಿಲ್ಲ. ಆದರೆ ಖಾತ್ರಿ ಕೊಡಲಾರೆ ಅಂದರು.

"ಮಜ್ಜೆ?" ಅಂತ ಶೈಲಾ ಕೇಳಿದಳು. "ಅತ್ತಿಗೆ ಕೊಟ್ಟ ಮಜ್ಜೆಗೆ ಏನೂ ಆಗಲ್ವಾ?"

"ಅದಕ್ಕೆ ಈ ಜೀನ್ ಸೇರಿಸಿಲ್ಲ. ಅದನ್ನ ಮುಟ್ಟೋದೇ ಇಲ್ಲ. ಇವರ ಮೈಯಲ್ಲಿ ಈಗ ಹುಟ್ಟೋ ರಕ್ತ ಎಲ್ಲಾ ನಿಮ್ಮ ಅತ್ತಿಗೇದೇ."

ನಮ್ಮ ಸೋದರತ್ತೆಗೆ ಇದನ್ನು ಕೇಳಿಸಬೇಕಿತ್ತು ಅನ್ನಿಸಿತು.

ಡಾಕ್ಟರ್ ನಂದಿನಿ ಗಿರೀಶನನ್ನೇ ನೇರವಾಗಿ ಕೇಳಿದರು. "ಕೊಡಲಾ? ಕಾಯಿಲೆ ವಾಪಸು ಬರೋ ಅಪಾಯ ಇದೆ. ಕೊಡದಿದ್ದರೆ ಹೊಟ್ಟೆ, ಲಿವರ್ ಇನ್ನೂ ಹದಗೆಡುತ್ತೆ. ನಿರ್ಧಾರ ನಿಮ್ಮದು."

ಅವನು ನನ್ನ ಕಡೆ ನೋಡಿದ. ಬ್ಯಾಂಡೇಜ್ ಸುತ್ತಿದ ಕೈಯಿಂದ ನನ್ನ ಸೆರಗು ಮುಟ್ಟಿದ.

"ಅಲ್ಲ ಅಕ್ಕ... ನನ್ನೊಳಗೆ ಅವು ಸಾಯ್ತಾವಲ್ಲ. ನಿಂಗೆ ನೋವಾಯ್ತದಾ?"

ಮೂವತ್ತೈದು ವರ್ಷದ ಗಂಡಸು. ಮೈಯೆಲ್ಲ ಬೆಂದಿದೆ. ಕೇಳಿದ್ದು ಇದು. ಡಾಕ್ಟರ್ ನಂದಿನಿ ಕಿಟಕಿಯ ಕಡೆ ತಿರುಗಿದರು.

"ಇಲ್ಲ ಕಣೋ," ಅಂದೆ. "ಸಾಯ್ಲಿ ಬಿಡು. ಬಂದ ಮನೇಲಿ ಹೆಂಗಿರ್ಬೇಕು ಅಂತ ಗೊತ್ತಿಲ್ದೋವು."

"ಕೊಡಿ ಡಾಕ್ಟ್ರೇ," ಅಂದ.

ಮಧ್ಯಾಹ್ನ ಎರಡಕ್ಕೆ ಡ್ರಿಪ್ ಹಾಕಿದರು. ಎರಡು ಗಂಟೆ ಹಿಡಿಯಿತು. ನೋಡುವುದಕ್ಕೆ ಏನೂ ಇರಲಿಲ್ಲ. ನೀರಿನಂಥ ಔಷಧಿ, ಹನಿ ಹನಿ. ನಾನು ನನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಏನಾದರೂ ಅನ್ನಿಸುತ್ತದಾ ಅಂತ ಒಂದು ಗಳಿಗೆ ನಿಜವಾಗಿ ಗಮನಿಸಿದೆ. ಏನೂ ಅನ್ನಿಸಲಿಲ್ಲ. ಸಂಜೆ ಆರರ ಹೊತ್ತಿಗೆ, ಕೆರೆತ ನಿಂತಿತು ಅಂದ. ನಂಬಲಿಲ್ಲ. ಮಾರನೇ ಬೆಳಗ್ಗೆ ಎದೆಯ ಮೇಲಿನ ಕೆಂಪು ಇಳಿದು ಕಂದು ಬಣ್ಣಕ್ಕೆ ತಿರುಗಿತ್ತು. ಮೂರನೇ ದಿನ ಇಡ್ಲಿ ಕೇಳಿದ. ಒಂದೂವರೆ ತಿಂದ. ಹೊಟ್ಟೆಯಲ್ಲಿ ನಿಂತಿತು.

ವಿಜ್ಞಾನ ಸುಳ್ಳು ಹೇಳಿರಲಿಲ್ಲ. ಅದೇ ನನ್ನನ್ನು ಇನ್ನೂ ಕೆರಳಿಸುವುದು. ಯಾರೋ, ಎಲ್ಲೋ ಕೂತು, ಇಷ್ಟು ಸಣ್ಣ ಜೀವಕೋಶದೊಳಗೆ ಹೊಕ್ಕು, ತಿರುಗಿ ಬಿದ್ದರೆ ಹೀಗೆ ನಿಲ್ಲಿಸಬಹುದು ಅಂತ ಎಷ್ಟು ವರ್ಷ ತಲೆ ಕೆಡಿಸಿಕೊಂಡು ಇದನ್ನು ಕಟ್ಟಿದ್ದಾರೆ. ಅದು ಹೇಳಿದ ಹಾಗೇ ಕೆಲಸ ಮಾಡಿತು. ಕೆಲಸ ಮಾಡದೇ ಹೋದದ್ದು ಒಂದು ಫ್ರಿಡ್ಜು, ಒಂದು ದಾಸ್ತಾನು ಪಟ್ಟಿ, ಯಾರೂ ಓದದ ಒಂದು ಪುಟ. ಔಷಧಿಗೆ ಕಾದ ಆ ದಿನಗಳಲ್ಲಿ ಸುಲಿದ ಚರ್ಮಕ್ಕೆ ಯಾವ ವಿಜ್ಞಾನವೂ ಕಾರಣವಲ್ಲ.

ಡಿಸ್‌ಚಾರ್ಜಿಗೆ ಮುಂಚೆ ಒಂದು ಮೀಟಿಂಗ್ ಕರೆದರು. ಆಡಳಿತದವರೊಬ್ಬರು "ಕಮ್ಯುನಿಕೇಶನ್ ಗ್ಯಾಪ್ ಆಗಿದೆ" ಅಂದರು. ಕುರ್ಚಿಯಿಂದ ಎದ್ದುಬಿಟ್ಟೆ. ಗ್ಯಾಪ್ ಅಲ್ಲ ಸರ್, ಔಷಧಿ ಇರಲಿಲ್ಲ, ಆ ಮಾತು ಬರೆದುಕೊಳ್ಳಿ ಅಂದೆ. ಬರೆದುಕೊಳ್ಳುವ ತನಕ ಕೂರಲಿಲ್ಲ. ಎಥಿಕ್ಸ್ ಕಮಿಟಿಯ ಆ ಹಿರಿಯ ಹೆಂಗಸೂ ಅಲ್ಲಿದ್ದರು. ಅವರು ಪೆನ್ನು ತೆಗೆದು ತಾವೇ ಬರೆದರು.

ಊರಿಗೆ ಬಂದ ಮೇಲೆ ಒಂದು ತಿಂಗಳು ಕೂತು ಆ ಫಾರಂ ಪೂರ್ತಿ ಕನ್ನಡ ಮಾಡಿದೆ. ಕಸುಬಿನ ಕನ್ನಡದಲ್ಲಲ್ಲ. ಸಂತೆಗೆ ಬಂದವರಿಗೆ ಅರ್ಥವಾಗುವ ಹಾಗೆ. ಡೋನರಿನ ನಾಲ್ಕು ಪುಟಕ್ಕೆ ನಾನೇ ಒಂದು ಸಾಲು ಸೇರಿಸಿದೆ: ನಿಮ್ಮ ಜೀವಕೋಶಗಳಿಂದ ರೋಗಿಗೆ ತೊಂದರೆಯಾದರೆ, ಅದು ನಿಮ್ಮ ತಪ್ಪಲ್ಲ. ಕಳಿಸಿದೆ. ಅನುಮೋದನೆಗೆ ಇಟ್ಟಿದ್ದೇವೆ ಅಂತ ಉತ್ತರ ಬಂತು. ಇನ್ನೂ ಅಲ್ಲೇ ಇದೆ.

ಗಿರೀಶ ಈಗ ಮಾಸ್ಕ್ ಹಾಕಿಕೊಂಡು ದಿನಕ್ಕೆ ಎರಡು ಗಂಟೆ ಅಂಗಡಿಯಲ್ಲಿ ಕೂರುತ್ತಾನೆ. ಬಿಸಿಲಿಗೆ ಹೋಗುವಂತಿಲ್ಲ. ಅಂಗೈ ಚರ್ಮ ತೆಳ್ಳಗಾಗಿ ಸ್ಪ್ಯಾನರ್ ಹಿಡಿದರೆ ಉರಿಯುತ್ತದೆ, ಹತ್ತಿಯ ಗ್ಲೌಸ್ ಹಾಕುತ್ತಾನೆ. ಉಗುರುಗಳ ಮೇಲೆ ಅಡ್ಡ ಗೆರೆಗಳು ಬಿದ್ದಿವೆ. ಹೋದ ಸಲದ ಮಜ್ಜೆ ಪರೀಕ್ಷೆಯಲ್ಲಿ ರೋಗ ಕಾಣಲಿಲ್ಲ. ಜೀನ್ ಸೇರಿಸಿದ ನನ್ನ ಸೆಲ್ಸ್ ಕೆಲವು ಇನ್ನೂ ಅವನ ರಕ್ತದಲ್ಲಿ ಓಡಾಡುತ್ತಿವೆ, ಗಲಾಟೆ ಮಾಡದೆ. ಮುಂದಿನ ಪರೀಕ್ಷೆಯಲ್ಲಿ ಏನು ಬರುತ್ತದೋ ಗೊತ್ತಿಲ್ಲ. ಗೊತ್ತಿಲ್ಲದೆ ಬದುಕುವುದನ್ನು ಕಲಿಯುತ್ತಿದ್ದೇವೆ. ಶೈಲಾ ನನಗಿಂತ ಬೇಗ ಕಲಿತಳು. ಮಗಳನ್ನು ತವರಿನಿಂದ ಕರೆದುಕೊಂಡು ಬಂದು ಶಾಲೆಗೆ ಹಾಕಿದಳು. ನಾನು ಇನ್ನೂ ಅವನು ಕೈ ಕೆರೆದುಕೊಂಡರೆ ಬೆಚ್ಚಿಬೀಳುತ್ತೇನೆ.

ಹೋದ ತಿಂಗಳು ಪಿರಿಯಾಪಟ್ಟಣದ ಕಡೆಯ ಹೆಂಗಸೊಬ್ಬರು ಫೋನ್ ಮಾಡಿದ್ದರು. ಡಾಕ್ಟರ್ ನಂದಿನಿ ನನ್ನನ್ನು ಕೇಳಿಯೇ ನಂಬರ್ ಕೊಟ್ಟಿದ್ದರು. ಅವರ ಗಂಡನಿಗೆ ಇದೇ ಕಾಯಿಲೆ, ಇದೇ ಟ್ರಯಲ್. ಮೈದುನ ಡೋನರ್. ಸೇರಬಹುದಾ ಅಂತ ಕೇಳಿದರು. ಸೇರಬೇಡಿ ಅನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ತಮ್ಮ ಉಳಿದಿದ್ದಾನೆ. ಸೇರಿ ಅಂದೆ. ಮೊದಲು ಆ ಔಷಧಿ ಕಣ್ಣಿಗೆ ತೋರಿಸಿ ಅಂತ ಕೇಳಿ, ತೋರಿಸುವ ತನಕ ಸೆಲ್ಸ್ ಹಾಕಲು ಬಿಡಬೇಡಿ ಅಂದೆ. ಹಾಗೆಲ್ಲ ಕೇಳಿದರೆ ಡಾಕ್ಟ್ರು ಸಿಟ್ಟು ಮಾಡ್ಕಳಲ್ವಾ ಅಂದರು. ಮಾಡಿಕೊಳ್ಳಲಿ ಅಂದೆ.

ಮೊನ್ನೆ ಮತ್ತೆ ಕರೆ ಬಂತು. ಯಾರದೋ ವಿಭಾಗಪತ್ರ ಬರೆಯುತ್ತಿದ್ದೆ, ಎದುರಿಗೆ ಅಣ್ಣತಮ್ಮಂದಿರು ನಾಲ್ಕು ಜನ ಕೂತಿದ್ದರು. ಪೆನ್ನು ಕೆಳಗಿಟ್ಟು ಎತ್ತಿದೆ.

"ಅಕ್ಕಾ, ಕೇಳ್ದೆ ಕಣ್ರೀ," ಅಂದರು. "ಮದ್ಲು ಒಬ್ರ ಮುಖ ಒಬ್ರು ನೋಡ್ಕೊಂಡ್ರು. ಆಮೇಲೆ ಕೆಳಗೆ ಫಾರ್ಮಸಿಗೆ ಕರ್ಕೊಂಡೋಗಿ ಫ್ರಿಡ್ಜ್ ತೆಗ್ದು ತೋರ್ಸುದ್ರು. ಎರಡು ಬಾಟ್ಲಿ ಅವೆ. ಮೇಲೆ ನಮ್ಮೆಜಮಾನ್ರ ಹೆಸ್ರು ಬರ್ದವ್ರೆ."

"ತಾರೀಕು ನೋಡಿದ್ರಾ?" ಅಂದೆ.

"ನೋಡ್ದೆ. ಮುಗ್ದಿಲ್ಲ."

ಸರಿ ಅಂದೆ. ಫೋನ್ ಇಟ್ಟು ಪೆನ್ನು ಎತ್ತಿಕೊಂಡೆ. ಎದುರಿಗಿದ್ದ ಅಣ್ಣತಮ್ಮಂದಿರಲ್ಲಿ ಹಿರಿಯವನು, "ಏನ್ ಮೇಡಂ, ಮನೇಲಿ ಎಲ್ಲಾ ಚೆನ್ನಾಗವ್ರಾ?" ಅಂತ ಕೇಳಿದ.

"ಸದ್ಯಕ್ಕೆ ಚೆನ್ನಾಗವ್ರೆ," ಅಂದೆ.